ಪಿಟ್ಸ್‌ಬರ್ಗ್‌ಗೆ ಹೋದರೆ ಇನ್‌ಕ್ಲೈನ್ ಹತ್ತದೆ ಬರಬೇಡಿ

ಅಮೆರಿಕದ ಪೂರ್ವ ಭಾಗದಲ್ಲಿರುವ ನಮ್ಮವರು ಒಂದಲ್ಲ ಒಂದು ಸಲ ಪಿಟ್ಸ್‌ಬರ್ಗ್‌ಗೆ ಹೋಗಿಯೇ ಇರುತ್ತಾರೆ. ಊರಿಂದ ಅಪ್ಪ-ಅಮ್ಮ ಬಂದರಂತೂ ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಕರೆದುಕೊಂಡು ಹೋಗಲೇಬೇಕು. ದರ್ಶನ ಆಯಿತು, ಪ್ರಸಾದ ಆಯಿತು, ಒಂದಿಷ್ಟು ಫೋಟೊ, ಮತ್ತೆ ಕಾರು ಹತ್ತಿ ಹೈವೇ. ಅಲ್ಲಿಂದ ಅರ್ಧ ಗಂಟೆ ದೂರದಲ್ಲಿ, ನಗರದ ಮಧ್ಯದಲ್ಲೇ, ನೂರೈವತ್ತು ವರ್ಷದಿಂದ ಗುಡ್ಡ ಹತ್ತಿ ಇಳಿಯುತ್ತಿರುವ ಎರಡು ರೈಲುಗಳಿವೆ. ಅವನ್ನು ನೋಡದೆ ವಾಪಸ್ ಬರುವುದು ನಿಜಕ್ಕೂ ನಷ್ಟ. ಅರ್ಧ ದಿನ ಉಳಿಸಿಕೊಳ್ಳಿ ಸಾಕು. ಆ ಅರ್ಧ ದಿನವನ್ನು ಹೇಗೆ ಕಳೆಯಬೇಕು ಅಂತ ಇಲ್ಲಿ ಬರೆದಿದ್ದೇನೆ.

ಮೊದಲು ಹೆಸರು ಗೊತ್ತಿರಲಿ. ಪುಸ್ತಕದಲ್ಲಿ ಇದಕ್ಕೆ ಫ್ಯೂನಿಕ್ಯುಲರ್ ಅಂತಾರೆ, ಆದರೆ ಅಲ್ಲಿ ಯಾರನ್ನಾದರೂ ಕೇಳುವಾಗ ಇನ್‌ಕ್ಲೈನ್ ಅನ್ನಿ, ತಕ್ಷಣ ದಾರಿ ತೋರಿಸುತ್ತಾರೆ. ಇರುವುದು ಎರಡು. ಒಂದು ಮೊನಾಂಗಹೀಲಾ ಇನ್‌ಕ್ಲೈನ್, ಎಲ್ಲರೂ ಮಾನ್ ಇನ್‌ಕ್ಲೈನ್ ಅನ್ನುತ್ತಾರೆ, 1870ರ ಮೇ ತಿಂಗಳಲ್ಲಿ ಶುರುವಾದದ್ದು. ಇನ್ನೊಂದು ಡುಕೇನ್ ಇನ್‌ಕ್ಲೈನ್, 1877ರದ್ದು. ಎರಡೂ ಹತ್ತುವುದು ಒಂದೇ ಗುಡ್ಡವನ್ನು, ಅದರ ಹೆಸರು ಮೌಂಟ್ ವಾಷಿಂಗ್ಟನ್. ಮೇಲಿನ ಎರಡು ಸ್ಟೇಷನ್‌ಗಳ ನಡುವೆ ಸುಮಾರು ಒಂದು ಮೈಲಿ. ಗ್ರ್ಯಾಂಡ್‌ವ್ಯೂ ಅವೆನ್ಯೂ ಅನ್ನುವ ಒಂದೇ ರಸ್ತೆ ಎರಡನ್ನೂ ಸೇರಿಸುತ್ತದೆ. ಮ್ಯಾಪ್‌ನಲ್ಲಿ ಹುಡುಕುವಾಗ ಇದನ್ನು ನೆನಪಿಡಿ. ಸುಮ್ನೆ "ಇನ್‌ಕ್ಲೈನ್" ಅಂತ ಹಾಕಿ ಹೊರಟರೆ ಮೊದಲು ಬಂದದ್ದಕ್ಕೆ ಹೋಗಿಬಿಡುತ್ತೀರಿ.

ಒಂದಕ್ಕೆ ಮಾತ್ರ ಸಮಯ ಇದೆ ಅಂದರೆ ನನ್ನ ಉತ್ತರ ಡುಕೇನ್. ಯಾಕೆ ಅಂತ ಮುಂದೆ ಹೇಳುತ್ತೇನೆ. ಆದರೆ ಗಾಲಿಕುರ್ಚಿ ಇರುವವರು, ಮಂಡಿ ನೋವಿನವರು, ಮಗುವಿನ ತಳ್ಳುಗಾಡಿ ಇರುವವರು ಮಾನ್‌ಗೇ ಹೋಗಿ. ಅಲ್ಲಿ ಗಾಲಿಕುರ್ಚಿಗೆ ಸರಿಯಾದ ವ್ಯವಸ್ಥೆ ಇದೆ.

ಹೋಗುವ ಮುಂಚೆ ಇದರ ಕಥೆ ಸ್ವಲ್ಪ ಗೊತ್ತಿದ್ದರೆ ನೋಡುವ ಖುಷಿ ಜಾಸ್ತಿ. ಮೌಂಟ್ ವಾಷಿಂಗ್ಟನ್‌ಗೆ ಹಿಂದೆ ಇದ್ದ ಹೆಸರು ಕೋಲ್ ಹಿಲ್, ಕಲ್ಲಿದ್ದಲ ಗುಡ್ಡ. ಕೆಳಗೆ ನದಿ ದಂಡೆಯ ಸಮತಟ್ಟು ಜಾಗವನ್ನೆಲ್ಲ ಕಾರ್ಖಾನೆಗಳು ತೆಗೆದುಕೊಂಡವು. ಕೆಲಸದವರಿಗೆ ಮನೆ ಕಟ್ಟಲು ಉಳಿದದ್ದು ಗುಡ್ಡದ ಮೇಲಿನ ಜಾಗ. ಬೆಳಿಗ್ಗೆ ಇಳಿಯಬೇಕು, ದಿನವಿಡೀ ದುಡಿದು ಸಂಜೆ ಅದೇ ಕಡಿದಾದ ದಾರಿಯಲ್ಲಿ, ಮೆಟ್ಟಿಲುಗಳಲ್ಲಿ ಹತ್ತಬೇಕು. ಗುಡ್ಡದ ಮೇಲೆ ಮನೆ ಮಾಡಿದವರಲ್ಲಿ ಜರ್ಮನಿಯಿಂದ ಬಂದವರು ಬಹಳ, ಅವರ ಕಡೆ ಹಗ್ಗದಿಂದ ಎಳೆಯುವ ರೈಲು ಹೊಸದೇನಲ್ಲ. ಹಾಗೆ ಹುಟ್ಟಿದ್ದು ಇದು. ಒಂದು ಕಾಲದಲ್ಲಿ ಈ ನಗರದಲ್ಲಿ ಇಂಥವು ಹದಿನೇಳರಷ್ಟಿದ್ದವು. ಆಮೇಲೆ ರಸ್ತೆಗಳಾದವು, ಕಾರು ಬಂತು, ಒಂದೊಂದಾಗಿ ಮುಚ್ಚಿದವು. ಉಳಿದದ್ದು ಇವೆರಡೇ.

ಇವತ್ತು ಎಲ್ಲರೂ ಮೇಲಿಂದ ಕಾಣುವ ನೋಟಕ್ಕೆ ಹೋಗುತ್ತಾರೆ ಅಲ್ವಾ. ಇದನ್ನು ಕಟ್ಟಿದಾಗ ಆ ನೋಟದ ಮಾತೇ ಇರಲಿಲ್ಲ. ಉಕ್ಕಿನ ಕಾರ್ಖಾನೆಗಳ ಹೊಗೆ ಹೇಗಿತ್ತು ಅಂದರೆ 1940ರ ದಶಕದಲ್ಲೂ ಕೆಲವು ದಿನ ಮಟಮಟ ಮಧ್ಯಾಹ್ನ ಬೀದಿ ದೀಪ ಹಚ್ಚಬೇಕಾಗುತ್ತಿತ್ತು. ದಣಿದ ಕಾಲಿಗೆ ಮನೆ ಹತ್ತಿರ ಆಗಲಿ ಅಂತ ಮಾಡಿದ ರೈಲು ಇದು. ಈಗಲೂ ಕೆಲವರು ಇದರಲ್ಲೇ ಕೆಲಸಕ್ಕೆ ಹೋಗಿ ಬರುತ್ತಾರೆ. ಬೆಳಿಗ್ಗೆ ಮತ್ತು ಸಂಜೆ ಹೋದರೆ ಬ್ಯಾಗ್ ಹಿಡಿದು ನಿಂತವರಿಗೆ ದಾರಿ ಬಿಡಿ, ಅವರಿಗೆ ಇದು ದಿನದ ಬಸ್ಸು.

ಇನ್ನು ಅದು ಕೆಲಸ ಮಾಡುವ ಬಗೆ. ಎರಡು ಜೋಡಿ ಹಳಿ, ಎರಡು ಬೋಗಿ. ಬಾವಿಯ ರಾಟೆಗೆ ಎರಡೂ ತುದಿಯಲ್ಲಿ ಕೊಡ ಕಟ್ಟಿದರೆ ಒಂದು ಇಳಿಯುವಾಗ ಇನ್ನೊಂದು ಏರುತ್ತದಲ್ಲ, ಇಲ್ಲೂ ಹಾಗೇ. ಇಳಿಯುವ ಬೋಗಿಯ ಭಾರವೇ ಏರುವ ಬೋಗಿಯನ್ನು ಮೇಲಕ್ಕೆ ಎಳೆಯುತ್ತದೆ. ಎರಡರ ಭಾರದ ವ್ಯತ್ಯಾಸ ಮತ್ತು ಉಜ್ಜಾಟಕ್ಕೆ ಎಷ್ಟು ಬೇಕೋ ಅಷ್ಟು ಶಕ್ತಿಯನ್ನು ಮಾತ್ರ ಮೋಟಾರು ಕೊಡಬೇಕು. ಮೊದಲು ಇದ್ದದ್ದು ಉಗಿ ಯಂತ್ರ. 1930ರ ದಶಕದಲ್ಲಿ ಎರಡೂ ವಿದ್ಯುತ್ತಿಗೆ ಬದಲಾದವು. ಬೋಗಿಯಲ್ಲಿ ಡ್ರೈವರ್ ಇರುವುದಿಲ್ಲ, ಗಾಬರಿ ಬೇಡ. ನಡೆಸುವವರು ಮೇಲಿನ ಸ್ಟೇಷನ್‌ನಲ್ಲಿ ಕೂತಿರುತ್ತಾರೆ. ಎಳೆಯುವ ಉಕ್ಕಿನ ಹಗ್ಗದ ಜೊತೆ ಸುರಕ್ಷತೆಗೆ ಅಂತ ಇನ್ನೊಂದು ಹಗ್ಗ ಬೇರೆ ಇರುತ್ತದೆ. ಬೋಗಿಯ ಕೆಳಗೆ ತ್ರಿಕೋನದ ಚೌಕಟ್ಟು ಇರುವುದರಿಂದ ಹಳಿ ಎಷ್ಟೇ ಓರೆಯಾಗಿದ್ದರೂ ನೀವು ನಿಲ್ಲುವ ನೆಲ ಸಮವಾಗಿಯೇ ಇರುತ್ತದೆ. ಎತ್ತರದ ಭಯ ಇರುವವರು ಗುಡ್ಡದ ಕಡೆ ಮುಖ ಮಾಡಿ ಕೂತುಬಿಡಿ. ಎರಡು ಮೂರು ನಿಮಿಷದ ಮಾತು, ಮುಗಿದೇ ಹೋಗುತ್ತದೆ.

ಅಳತೆ ಬೇಕಾದವರಿಗೆ: ಡುಕೇನ್‌ನ ಹಳಿ 800 ಅಡಿ ಉದ್ದ, 400 ಅಡಿ ಎತ್ತರಕ್ಕೆ ಹೋಗುತ್ತದೆ, ಓರೆ ಸುಮಾರು 30 ಡಿಗ್ರಿ. ಮಾನ್ ಉದ್ದದಲ್ಲಿ ಕಡಿಮೆ, 635 ಅಡಿ, ಆದರೆ 35 ಡಿಗ್ರಿ, ಅಂದರೆ ಇನ್ನೂ ಕಡಿದು. ವೇಗ ಎರಡರದ್ದೂ ಗಂಟೆಗೆ 6 ಮೈಲಿ. ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ಮಾನ್ ಇನ್‌ಕ್ಲೈನ್‌ನ ಎಂಜಿನಿಯರ್ ಜಾನ್ ಎಂಡ್ರೆಸ್. ಆ ಕೆಲಸದಲ್ಲಿ ಅವರಿಗೆ ನೆರವಾದವಳು ಮಗಳು ಕ್ಯಾರೊಲಿನ್, ಹೆಣ್ಣುಮಕ್ಕಳು ಎಂಜಿನಿಯರಿಂಗ್ ಕಡೆ ಕಾಲಿಡದಿದ್ದ ಕಾಲದಲ್ಲಿ. ಮುಂದೆ ಅವಳು ಮದುವೆಯಾದದ್ದು ಸ್ಯಾಮ್ಯುಯೆಲ್ ಡೀಶರ್ ಅನ್ನುವ ಎಂಜಿನಿಯರ್‌ನನ್ನು, ಡುಕೇನ್ ಇನ್‌ಕ್ಲೈನ್ ಅವನದೇ ವಿನ್ಯಾಸ. ಎರಡೂ ಒಂದೇ ಮನೆಯವರ ಕೆಲಸ. ಜೊತೆಗೆ ಮಕ್ಕಳಿದ್ದರೆ, ಅದರಲ್ಲೂ ಹೆಣ್ಣುಮಕ್ಕಳಿದ್ದರೆ, ಹತ್ತುವ ಮುಂಚೆ ಇದನ್ನು ಹೇಳಿ.

ಈಗ ದಾರಿ. ನಾನು ಹೇಳುವ ಕ್ರಮ ಇದು: ಮಾನ್‌ನಲ್ಲಿ ಹತ್ತಿ, ಮೇಲೆ ನಡೆದು ಡುಕೇನ್‌ಗೆ ಹೋಗಿ, ಡುಕೇನ್‌ನಲ್ಲಿ ಒಮ್ಮೆ ಇಳಿದು ಮತ್ತೆ ಹತ್ತಿ, ಹಾಗೇ ವಾಪಸ್ ನಡೆದು ಬಂದು ಮಾನ್‌ನಲ್ಲಿ ಇಳಿಯಿರಿ. ಸುತ್ತು ಜಾಸ್ತಿ ಅನಿಸಬಹುದು. ಆದರೆ ಡುಕೇನ್‌ನ ಕೆಳಗಿನ ಸ್ಟೇಷನ್ನಿಂದ ಮಾನ್‌ನ ಕೆಳಗಿನ ಸ್ಟೇಷನ್‌ವರೆಗೆ ವೆಸ್ಟ್ ಕಾರ್ಸನ್ ರಸ್ತೆಯ ಬದಿಯಲ್ಲಿ ನಡೆಯುವುದರಲ್ಲಿ ಏನೂ ಸುಖವಿಲ್ಲ. ಬರೀ ವಾಹನ, ಸದ್ದು. ಅದೇ ದೂರವನ್ನು ಮೇಲೆ ನಡೆದರೆ ಇಡೀ ನಗರ ಪಕ್ಕದಲ್ಲೇ ಬರುತ್ತದೆ.

ಕಾರು ಇದ್ದರೆ ಸ್ಟೇಷನ್ ಸ್ಕ್ವೇರ್ ಹತ್ತಿರ ದುಡ್ಡು ಕೊಟ್ಟು ನಿಲ್ಲಿಸಿ. ಮಾನ್‌ನ ಕೆಳಗಿನ ಸ್ಟೇಷನ್ ಅದರ ಎದುರಿಗೇ ಇದೆ. ಕಾರು ಇಲ್ಲದವರಿಗೆ ಇನ್ನೂ ಸುಲಭ. ಡೌನ್‌ಟೌನ್‌ನಲ್ಲಿ ಇಲ್ಲಿಯವರು "ಟಿ" ಅನ್ನುವ ಲೈಟ್ ರೈಲು ಸಿಗುತ್ತದೆ, ಸ್ಟೇಷನ್ ಸ್ಕ್ವೇರ್ ಅನ್ನುವ ನಿಲ್ದಾಣದಲ್ಲಿ ಇಳಿದರಾಯಿತು. ಡೌನ್‌ಟೌನ್ ಒಳಗೆ ಈ ರೈಲು ಉಚಿತ. ಸ್ಟೇಷನ್ ಸ್ಕ್ವೇರ್ ಮಾತ್ರ ಆ ಉಚಿತ ಭಾಗದಲ್ಲಿ ಬರುವುದಿಲ್ಲ, ಟಿಕೆಟ್ ಬೇಕು. ಹವೆ ಚೆನ್ನಾಗಿದ್ದರೆ ರೈಲೂ ಬೇಡ, ಸ್ಮಿತ್‌ಫೀಲ್ಡ್ ರಸ್ತೆಯ ಸೇತುವೆ ಮೇಲೆ ನಡೆದೇ ಹೋಗಿ. 1883ರ ಉಕ್ಕಿನ ಸೇತುವೆ ಅದು, ಗುಸ್ತಾವ್ ಲಿಂಡೆಂತಾಲ್ ಕಟ್ಟಿದ್ದು. ಸೇತುವೆ ಮೇಲಿಂದ ಎದುರಿನ ಗುಡ್ಡ ನೋಡಿದರೆ ಹಳಿಗಳ ಮೇಲೆ ಬೋಗಿಗಳು ಒಂದನ್ನೊಂದು ದಾಟುವುದು ಕಾಣುತ್ತದೆ.

ಟಿಕೆಟ್ ವಿಷಯ. ಮಾನ್ ಅನ್ನು ನಗರದ ಸಾರಿಗೆ ಸಂಸ್ಥೆಯೇ ನಡೆಸುತ್ತದೆ, ಬಸ್ಸಿನ ಕಾರ್ಡ್ ಅಲ್ಲೂ ನಡೆಯುತ್ತದೆ. ಕನೆಕ್ಟ್‌ಕಾರ್ಡ್ ಅಂತ ಅದರ ಹೆಸರು. ಡುಕೇನ್‌ನಲ್ಲೂ ಅದೇ ಕಾರ್ಡ್ ತೆಗೆದುಕೊಳ್ಳುತ್ತಾರೆ. ಒಂದು ಕಡೆಗೆ ಎರಡು-ಮೂರು ಡಾಲರ್ ಆಗುತ್ತದೆ. ದರ ಆಗಾಗ ಬದಲಾಗುತ್ತದೆ, ಹೊರಡುವ ಮುಂಚೆ ಅವರ ವೆಬ್‌ಸೈಟ್ ನೋಡಿಕೊಳ್ಳಿ. ಕಾರ್ಡ್ ಇಲ್ಲದಿದ್ದರೆ ಚಿಲ್ಲರೆ ಇಟ್ಟುಕೊಂಡೇ ಹೋಗಿ, ಒಂದು ಡಾಲರ್ ನೋಟುಗಳು ಮತ್ತು ಕ್ವಾರ್ಟರ್ ನಾಣ್ಯಗಳು. ಡುಕೇನ್‌ನಲ್ಲಿ ಕೆಳಗಿನಿಂದ ಹತ್ತುವಾಗ ಯಾರೂ ದುಡ್ಡು ಕೇಳುವುದಿಲ್ಲ, ಮೇಲೆ ಹೋದ ಮೇಲೆ ಕೊಡಬೇಕು. ಕೆಳಗೆ ಟಿಕೆಟ್ ಕೌಂಟರ್ ಹುಡುಕುತ್ತಾ ನಿಲ್ಲಬೇಡಿ. ಎರಡೂ ಬೆಳಗಿನ ಜಾವದಿಂದ ನಡುರಾತ್ರಿಯವರೆಗೆ ಓಡುತ್ತವೆ. ಭಾನುವಾರ ಮತ್ತು ರಜಾದಿನ ಸ್ವಲ್ಪ ತಡವಾಗಿ ಶುರು.

ಬೋಗಿ ಹತ್ತುವಾಗ ನದಿ ಕಡೆಯ ಕಿಟಕಿ ಹಿಡಿಯಿರಿ, ಅಂದರೆ ಗುಡ್ಡದ ಕೆಳಗಿನ ಕಡೆ ಇರುವುದು. ಮೇಲೆ ಹೋಗುತ್ತಾ ಹೋಗುತ್ತಾ ನಗರ ಬಿಚ್ಚಿಕೊಳ್ಳುವುದು ಆ ಕಡೆಗೇ. ಮಾನ್‌ನ ಬೋಗಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮೂರು ಭಾಗ ಇದೆ. ರಾತ್ರಿ ಫೋಟೊ ತೆಗೆಯುವವರು ಫೋನನ್ನು ಗಾಜಿಗೆ ತಾಗಿಸಿ ಹಿಡಿಯಿರಿ. ಇಲ್ಲದಿದ್ದರೆ ಒಳಗಿನ ದೀಪವೇ ಫೋಟೊ ತುಂಬ ಬರುತ್ತದೆ.

ಮಾನ್‌ನ ಮೇಲಿನ ಸ್ಟೇಷನ್‌ನಿಂದ ಹೊರಗೆ ಬಂದರೆ ಹತ್ತಿರದಲ್ಲೇ ಶೈಲೋ ರಸ್ತೆ. ಕಾಫಿ, ತಿಂಡಿ, ಶೌಚಾಲಯ ಏನು ಬೇಕಿದ್ದರೂ ಇಲ್ಲೇ ಮುಗಿಸಿಕೊಳ್ಳಿ. ಆಮೇಲೆ ಗ್ರ್ಯಾಂಡ್‌ವ್ಯೂ ಅವೆನ್ಯೂ ಹಿಡಿದು ಪಶ್ಚಿಮಕ್ಕೆ, ನಗರವನ್ನು ಬಲಗಡೆ ಇಟ್ಟುಕೊಂಡು ನಡೆಯಿರಿ. ದಾರಿಯುದ್ದಕ್ಕೂ ಗುಡ್ಡದ ಅಂಚಿನಿಂದ ಹೊರಗೆ ಚಾಚಿದ ಕಟ್ಟೆಗಳಿವೆ, ನಿಂತು ನೋಡುವುದಕ್ಕೆ ಅಂತಲೇ ಮಾಡಿದ್ದು. ಎಲ್ಲದರಲ್ಲೂ ನಿಲ್ಲಿ, ಯಾಕಂದರೆ ಒಂದೊಂದರಿಂದ ನಗರ ಒಂದೊಂದು ಥರ ಕಾಣುತ್ತದೆ. ಎದುರಿಗೆ ಬರುವ ನದಿ ಮೊನಾಂಗಹೀಲಾ. ಆ ಕಡೆಯಿಂದ ಬರುವುದು ಅಲಿಗೇನಿ. ಎರಡೂ ಸೇರಿ ಓಹಾಯೊ ಆಗಿ ಪಶ್ಚಿಮಕ್ಕೆ ಹೊರಡುತ್ತದೆ, ಮುಂದೆ ಮಿಸಿಸಿಪ್ಪಿ ಸೇರುತ್ತದೆ. ಸಂಗಮದ ತುದಿಯಲ್ಲಿ ಕಾರಂಜಿ ಇರುವ ಜಾಗ ಪಾಯಿಂಟ್ ಸ್ಟೇಟ್ ಪಾರ್ಕ್. ಸಂಗಮ ಅಂದರೆ ನಮ್ಮ ಹಿರಿಯರಿಗೆ ವಿವರಿಸುವುದೇ ಬೇಡ, ಕೈ ತೋರಿಸಿದರೆ ಸಾಕು, ತಾವೇ ಹೆಚ್ಚು ಹೊತ್ತು ನೋಡುತ್ತಾ ನಿಲ್ಲುತ್ತಾರೆ. ಹಳದಿ ಬಣ್ಣದ ಸೇತುವೆಗಳು, ಕಪ್ಪಗೆ ಎತ್ತರಕ್ಕೆ ನಿಂತ 64 ಮಹಡಿಯ ಯು.ಎಸ್. ಸ್ಟೀಲ್ ಕಟ್ಟಡ, ಚೂಪು ತುದಿಗಳಿರುವ ಗಾಜಿನ ಪಿಪಿಜಿ ಕಟ್ಟಡಗಳು, ಆಚೆ ದಡದಲ್ಲಿ ಎರಡು ದೊಡ್ಡ ಸ್ಟೇಡಿಯಂ, ಎಲ್ಲವೂ ಒಂದೇ ಕಡೆ ನಿಂತು ಕಾಣುತ್ತವೆ.

ಈಗ ಡುಕೇನ್. ಇಲ್ಲಿ ಅವಸರ ಮಾಡಬೇಡಿ.

1962ರಲ್ಲಿ ಇದು ನಿಂತುಹೋಗಿತ್ತು. ರಿಪೇರಿಗೆ ದೊಡ್ಡ ಖರ್ಚು, ಹತ್ತುವವರು ಕಡಿಮೆ, ನಡೆಸುತ್ತಿದ್ದ ಕಂಪನಿಗೆ ಮನಸ್ಸಿರಲಿಲ್ಲ. ಇನ್ನು ಮುಗಿಯಿತು ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಆಗ ಗುಡ್ಡದ ಮೇಲಿನ ಜನ, ಡುಕೇನ್ ಹೈಟ್ಸ್‌ನ ಸಾಮಾನ್ಯ ಮನೆಗಳವರು, ಸೇರಿಕೊಂಡು ದುಡ್ಡು ಎತ್ತಿದರು. ಸರಕಾರಕ್ಕೆ ಕಾಯಲಿಲ್ಲ. ರಿಪೇರಿ ಮಾಡಿಸಿ 1963ರ ಜುಲೈ 1ರಂದು ಮತ್ತೆ ಓಡಿಸಿದರು. ಲಾಭಕ್ಕಲ್ಲದ ಒಂದು ಸೊಸೈಟಿ ಮಾಡಿಕೊಂಡರು, ಇವತ್ತಿಗೂ ನಡೆಸುತ್ತಿರುವುದು ಅದೇ ಸೊಸೈಟಿ. ನಾನು ಡುಕೇನ್ ಅನ್ನು ಮೊದಲು ಹೇಳುವುದಕ್ಕೆ ಇದೇ ಕಾರಣ. ತಮ್ಮ ಊರಿನ ಹಳೆಯದೊಂದು ವಸ್ತು ಕಣ್ಣೆದುರೇ ಹೋಗುತ್ತಿರುವಾಗ ಜನ ಕೈ ಹಿಡಿದು ಉಳಿಸಿಕೊಂಡಿದ್ದು ಇಲ್ಲಿ ಕಾಣುತ್ತದೆ. ನಮ್ಮ ಕಡೆ ಎಷ್ಟು ಕೆರೆ, ಎಷ್ಟು ಹಳೇ ಮಂಟಪ ಹೀಗೆ ಉಳಿಯಬಹುದಿತ್ತು ಅನಿಸದೆ ಇರುವುದಿಲ್ಲ.

ಬೋಗಿಯ ಒಳಗೆ ಹೋದ ಕೂಡಲೇ ಹೊರಗೆ ನೋಡಬೇಡಿ, ಮೊದಲು ಒಳಗೆ ನೋಡಿ. ಫಿಲಡೆಲ್ಫಿಯಾದ ಬ್ರಿಲ್ ಕಂಪನಿ ಮಾಡಿದ ಹಳೆಯ ಬೋಗಿಗಳು ಇವು. ಮೇಲೆ ಬಳಿದಿದ್ದ ಬಣ್ಣವನ್ನೆಲ್ಲ ಕೆರೆದು ತೆಗೆದು ಒಳಗಿನ ಮರವನ್ನು ಮತ್ತೆ ಹೊರಗೆ ತಂದಿದ್ದಾರೆ. ಚೆರಿ ಮರದ ಹಲಗೆ, ಮೇಪಲ್ ಮರದ ಅಂಚು. ಆ ಕೆತ್ತನೆ, ಆ ಜೋಡಣೆ ಎಷ್ಟು ಸೊಗಸು! ದಿನಗೂಲಿಯವರು ಓಡಾಡುವ ಗಾಡಿಗೆ ಇಷ್ಟು ಚಂದದ ಮರಗೆಲಸ ಮಾಡಿದ್ದಾರಲ್ಲ ಅಂತ ಪ್ರತಿಸಲವೂ ಅಂದುಕೊಳ್ಳುತ್ತೇನೆ. ಕೈಯಿಂದ ಮುಟ್ಟಿ ನೋಡಬಹುದು, ಗೀಚುವುದು ಬೇಡ, ಮಕ್ಕಳಿಗೂ ಹೇಳಿ.

ಮೇಲಿನ ಸ್ಟೇಷನ್ನೇ ಒಂದು ಸಣ್ಣ ಮ್ಯೂಸಿಯಂ. ಗೋಡೆ ತುಂಬಾ ಹಳೆಯ ಫೋಟೊಗಳು, ಮುಚ್ಚಿಹೋದ ಇನ್‌ಕ್ಲೈನ್‌ಗಳದ್ದು, ಹೊಗೆ ತುಂಬಿದ ನಗರದ್ದು. ಹೊರಗೆ ನೋಡುವ ಕಟ್ಟೆ ಇದೆ, ಹೆಚ್ಚಿನವರು ನೇರ ಅಲ್ಲಿಗೆ ಹೋಗಿ ಸೆಲ್ಫಿ ತೆಗೆದುಕೊಂಡು ಮುಂದಿನ ಬೋಗಿಗೆ ಇಳಿದುಬಿಡುತ್ತಾರೆ. ಯಂತ್ರದ ಕೋಣೆ ಇರುವುದೇ ಅವರಿಗೆ ಗೊತ್ತಾಗುವುದಿಲ್ಲ. ಅದನ್ನು ಕೇಳಿ ನೋಡಿ. ಒಂದೆರಡು ಕ್ವಾರ್ಟರ್ ನಾಣ್ಯ ಹಾಕಿ ಒಳಗೆ ಇಳಿಯುವ ವ್ಯವಸ್ಥೆ, ಅದಕ್ಕೇ ಮೊದಲೇ ಚಿಲ್ಲರೆ ಅಂದಿದ್ದು. ಒಳಗೆ ಹಗ್ಗ ಸುತ್ತುವ ಭಾರಿ ಉರುಳೆ, ಅದನ್ನು ತಿರುಗಿಸುವ ದೊಡ್ಡ ಹಲ್ಲುಚಕ್ರ. ಆ ಚಕ್ರದ ಹಲ್ಲುಗಳನ್ನು ಹತ್ತಿರದಿಂದ ನೋಡಿ, ಅವು ಮರದವು. ಹೌದು, ಮರ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದರೆ ಸದ್ದು ಜಾಸ್ತಿ. ಮರದ ಹಲ್ಲಾದರೆ ಸದ್ದೂ ಕಡಿಮೆ, ಸವೆದದ್ದನ್ನು ಮಾತ್ರ ತೆಗೆದು ಹೊಸದು ಕೂರಿಸಿದರಾಯಿತು, ಇಡೀ ಚಕ್ರ ಬದಲಿಸಬೇಕಾಗಿಲ್ಲ. ಬೋಗಿ ಹೊರಟಾಗ ಅಲ್ಲೇ ನಿಂತಿರಿ. ಚಕ್ರ ನಿಧಾನಕ್ಕೆ ತಿರುಗಲು ಶುರುವಾಗಿ, ಉರುಳೆ ಹಗ್ಗವನ್ನು ಒಂದು ಕಡೆ ಸುತ್ತಿಕೊಳ್ಳುತ್ತಾ ಇನ್ನೊಂದು ಕಡೆ ಬಿಡುತ್ತಾ ಹೋಗುವುದನ್ನು ಒಮ್ಮೆ ಪೂರ್ತಿ ನೋಡಿದರೆ ಮೇಲೆ ನಾನು ಬರೆದ ರಾಟೆಯ ಲೆಕ್ಕ ತಾನಾಗಿಯೇ ಅರ್ಥವಾಗುತ್ತದೆ. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ ಇವೆರಡನ್ನೂ 1977ರಲ್ಲಿ ಚಾರಿತ್ರಿಕ ಎಂಜಿನಿಯರಿಂಗ್ ಗುರುತು ಅಂತ ಘೋಷಿಸಿತು. ಸುಮ್ನೆ ಕೊಟ್ಟದ್ದಲ್ಲ.

ಅಲ್ಲಿ ಪೋಸ್ಟ್‌ಕಾರ್ಡ್, ಟೀ ಶರ್ಟ್ ಮಾರುತ್ತಾರೆ. ಏರ್‌ಪೋರ್ಟ್‌ನಲ್ಲಿ ಕೊಳ್ಳುವ ನೆನಪಿನ ವಸ್ತುವನ್ನು ಇಲ್ಲೇ ಕೊಳ್ಳಿ ಅಂತ ನನ್ನ ಕೋರಿಕೆ, ದುಡ್ಡು ಸೊಸೈಟಿಗೆ ಹೋಗುತ್ತದೆ.

ಕಾಲಿಗೆ ಇನ್ನೂ ಶಕ್ತಿ ಇದ್ದರೆ ಡುಕೇನ್ ದಾಟಿ ಗ್ರ್ಯಾಂಡ್‌ವ್ಯೂ ಅವೆನ್ಯೂದಲ್ಲೇ ಸ್ವಲ್ಪ ಮುಂದೆ ಹೋಗಿ. ಎದುರುಬದುರು ಕೂತ ಇಬ್ಬರ ಕಂಚಿನ ಪ್ರತಿಮೆ ಇದೆ: ಒಬ್ಬರು ಜಾರ್ಜ್ ವಾಷಿಂಗ್ಟನ್, ಇನ್ನೊಬ್ಬರು ಸೆನೆಕಾ ಜನರ ಮುಖಂಡ ಗಯಸೂಟ. ಈ ನದಿಗಳ ನಾಡು ಮೊದಲು ಯಾರದ್ದಾಗಿತ್ತು ಅನ್ನುವುದು ಇಲ್ಲಿ ನೆನಪಾಗುತ್ತದೆ.

ಯಾವ ಹೊತ್ತಿಗೆ ಹೋಗಬೇಕು? ಸೂರ್ಯ ಮುಳುಗುವ ಒಂದು ಗಂಟೆ ಮುಂಚೆ ಡುಕೇನ್‌ನ ಮೇಲಿರುವ ಹಾಗೆ ನೋಡಿಕೊಳ್ಳಿ. ಪಶ್ಚಿಮದ ಬಿಸಿಲು ಕಟ್ಟಡಗಳ ಮುಖಕ್ಕೆ ನೇರವಾಗಿ ಬೀಳುತ್ತದೆ, ಆಮೇಲೆ ಒಂದೊಂದೇ ದೀಪ ಹೊತ್ತಿಕೊಳ್ಳುತ್ತವೆ, ಎರಡೂ ಒಂದೇ ಭೇಟಿಯಲ್ಲಿ ಸಿಗುತ್ತವೆ. ಜೂನ್‌ನಲ್ಲಿ ಇಲ್ಲಿ ಸೂರ್ಯ ಮುಳುಗುವುದು ರಾತ್ರಿ 9ರ ಹತ್ತಿರ, ಡಿಸೆಂಬರ್‌ನಲ್ಲಿ ಸಂಜೆ 5ಕ್ಕೇ ಕತ್ತಲು, ಹಾಗಾಗಿ ತಿಂಗಳು ನೋಡಿ ಲೆಕ್ಕ ಹಾಕಿ. ಬೇಸಿಗೆಯಲ್ಲಾದರೆ ಬೆಳಿಗ್ಗೆ ದೇವಸ್ಥಾನ, ಊಟ, ಸಂಜೆ ಇನ್‌ಕ್ಲೈನ್, ಆರಾಮಾಗಿ ಆಗುತ್ತದೆ. ಪೆನ್ ಹಿಲ್ಸ್ ಕಡೆಯಿಂದ ಬರುವಾಗ ಸ್ಕ್ವಿರಲ್ ಹಿಲ್ ಸುರಂಗದಲ್ಲಿ ಟ್ರಾಫಿಕ್ ಕಟ್ಟಿಕೊಳ್ಳುವುದು ಮಾಮೂಲು, ಆಫೀಸ್ ಬಿಡುವ ಹೊತ್ತಿಗೆ ಮುಂಚೆಯೇ ದಾಟಿಕೊಳ್ಳಿ. ಜುಲೈ 4ರ ಪಟಾಕಿ ದಿನ ಮತ್ತು ಫುಟ್‌ಬಾಲ್ ಮ್ಯಾಚ್ ಇರುವ ದಿನ ಹಿರಿಯರನ್ನು ಕರೆತರಬೇಡಿ. ಸಾಲು ಉದ್ದ, ಕಾರು ನಿಲ್ಲಿಸಲು ಜಾಗ ಇರುವುದಿಲ್ಲ, ಕೂರಲು ಬೆಂಚೂ ಸಿಗುವುದಿಲ್ಲ. ಚಳಿಗಾಲದಲ್ಲಿ ಕೆಳಗೆ ಸಹಿಸಬಹುದಾದ ಚಳಿ ಇದ್ದರೂ ಮೇಲಿನ ಕಟ್ಟೆಗಳಲ್ಲಿ ಗಾಳಿ ಕಿವಿ ಕೊರೆಯುತ್ತದೆ. ಟೋಪಿ, ಕೈಗವಸು ಬೇಕೇ ಬೇಕು.

ಕೊನೆಯದಾಗಿ, ಇವು ಹಳೆಯ ಯಂತ್ರಗಳು, ಆಗಾಗ ರಿಪೇರಿಗೆ ನಿಲ್ಲುತ್ತವೆ, ಒಮ್ಮೊಮ್ಮೆ ವಾರಗಟ್ಟಲೆ. ಹೊರಡುವ ದಿನ ಬೆಳಿಗ್ಗೆ ಎರಡರ ವೆಬ್‌ಸೈಟನ್ನೂ ನೋಡಿ. ಮಾನ್ ನಿಂತಿದ್ದರೆ ಕಾರನ್ನು ಡುಕೇನ್‌ನ ಕೆಳಗಿನ ಸ್ಟೇಷನ್ ಎದುರಿನ ಜಾಗದಲ್ಲಿ ನಿಲ್ಲಿಸಿ, ರಸ್ತೆ ದಾಟಲು ಕಾಲು ಸೇತುವೆ ಇದೆ, ಅಲ್ಲಿಂದಲೇ ಹತ್ತಿ ಇಳಿದರಾಯಿತು. ಡುಕೇನ್ ನಿಂತಿದ್ದರೆ ಮಾನ್‌ನಲ್ಲಿ ಹತ್ತಿ, ಆದರೂ ಆ ಒಂದು ಮೈಲಿ ನಡೆದು ಡುಕೇನ್‌ವರೆಗೆ ಹೋಗಿ ಬನ್ನಿ.